ಕೆಲಸ ಮುಗಿಯುವ ಹೊತ್ತು ಯಾವುದು?

ನವೆಂಬರ್ ತಿಂಗಳ ಮೊದಲ ಭಾನುವಾರ ಕ್ಯಾಲಿಫೋರ್ನಿಯಾದ ಜನ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದರ ಮಾರನೆಯ ದಿನದಿಂದ ಬೆಂಗಳೂರಿನಲ್ಲಿರುವ ನಮ್ಮ ಮನೆಯ ರಾತ್ರಿ ಒಂದು ಗಂಟೆ ಉದ್ದವಾಗುತ್ತದೆ. ಅವರ ಬೆಳಗಿನ ಒಂಬತ್ತು ಗಂಟೆಯೆಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಆ ಹೊತ್ತಿಗೆ ಅಲ್ಲಿನ ಕ್ಲೈಂಟ್ ಜೊತೆ, ಅಂದರೆ ನಾವು ಕೆಲಸ ಮಾಡಿಕೊಡುವ ಕಂಪನಿಯವರ ಜೊತೆ, ಕಾಲ್‌ನಲ್ಲಿ ಕೂರಬೇಕು. ಇದೇ ಕೆಲಸದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್‌ನ ಎರಡನೆಯ ಭಾನುವಾರ ಅಲ್ಲಿನ ಗಡಿಯಾರ ಮತ್ತೆ ಮುಂದಕ್ಕೆ ಹೋಗುವವರೆಗೆ ನಮ್ಮ ಊಟ, ಮಗಳ ಓದು, ಹಾಲ್‌ನಲ್ಲಿ ದೀಪ ಆರಿಸುವ ಹೊತ್ತು ಎಲ್ಲವೂ ಆ ದೂರದ ನಾಡಿನ ಒಂದು ಕಾನೂನಿಗೆ ತಕ್ಕಂತೆ ನಡೆಯುತ್ತವೆ. ಹಲವು ವರ್ಷಗಳಿಂದ ಹೀಗೇ ನಡೆದಿದ್ದರೂ ಇತ್ತೀಚೆಗೆ ಇದು ನನ್ನನ್ನು ಬಿಡದೆ ಕಾಡುತ್ತಿದೆ. ಕಾಡುತ್ತಿರುವುದು ಕಾಲ್ ತಡವಾಗಿ ಶುರುವಾಗುವುದಲ್ಲ, ಅದು ಯಾವಾಗ ಮುಗಿಯುತ್ತದೆಂದು ಹೇಳಲು ಬಾರದಿರುವುದು.

ಐದನೆಯ ತರಗತಿಯಲ್ಲಿ ಓದುವ ಮಗಳು ಊಟ ಮಾಡುತ್ತಾ, "ಅಮ್ಮಾ, ಇವತ್ತು ನಿಂಗೆ ಎಷ್ಟೊತ್ತಿಗೆ ಮುಗಿಯುತ್ತೆ?" ಎಂದು ಕೇಳುತ್ತಾಳೆ. ಬೇಸರದಿಂದ ಕೇಳುವ ಮಾತಲ್ಲ ಅದು. ಎಚ್ಚರವಾಗಿರಬೇಕೋ ಮಲಗಬೇಕೋ ಎಂದು ತಿಳಿದುಕೊಳ್ಳಲು ಕೇಳುತ್ತಾಳೆ. ಕೆಲವು ರಾತ್ರಿ ಇಪ್ಪತ್ತು ನಿಮಿಷದಲ್ಲಿ ಮಾತು ಮುಗಿದುಹೋಗುತ್ತದೆ, ಕೆಲವು ರಾತ್ರಿ ಹನ್ನೆರಡು ದಾಟುತ್ತದೆ. ಆದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ರಾತ್ರಿಯೂ ಸಂಜೆ ಏಳರಿಂದಲೇ ನಾನು ಪೂರ್ತಿಯಾಗಿ ಮನೆಯಲ್ಲಿ ಇರುವುದಿಲ್ಲ. ಪಲ್ಯಕ್ಕೆ ಒಗ್ಗರಣೆ ಹಾಕುವಾಗಲೂ ಮನಸ್ಸು ಆ ಕಾಲ್‌ನಲ್ಲಿ ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿರುತ್ತದೆ. ಕೆಲಸದ ಲೆಕ್ಕದಲ್ಲಿ ಬರುವುದು ಆ ಇಪ್ಪತ್ತು ನಿಮಿಷ ಮಾತ್ರ, ಕಾದಿದ್ದ ಮೂರು ಗಂಟೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಈ ವಿಷಯ ಎತ್ತಿದರೆ ಸಿಗುವ ಸಲಹೆಗಳು ಎಲ್ಲರಿಗೂ ಗೊತ್ತಿರುವಂಥವು. ಬೆಳಗ್ಗೆ ಬೇಗ ಎದ್ದು ನಡೆಯಲು ಹೋಗಿ, ಫೋನನ್ನು ಬೇರೆ ಕೋಣೆಯಲ್ಲಿಡಿ, ಧ್ಯಾನ ಮಾಡಿ, ಇಲ್ಲ ಎನ್ನುವುದನ್ನು ಕಲಿಯಿರಿ. ಇವುಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ, ನಡಿಗೆಯಿಂದ ನನಗೆ ನಿಜಕ್ಕೂ ಒಳ್ಳೆಯದಾಗಿದೆ. ಆದರೆ ಈ ಸಲಹೆಗಳೆಲ್ಲ ಕೆಲಸಕ್ಕೂ ಬದುಕಿಗೂ ನಡುವೆ ಗೆರೆ ಎಳೆಯುವ ಹೊಣೆಯನ್ನು ದುಡಿಯುವವರೊಬ್ಬರ ಮೇಲೆಯೇ ಹಾಕುತ್ತವೆ. ಆ ಗೆರೆಯನ್ನು ಒಬ್ಬೊಬ್ಬರೇ ಎಳೆದುಕೊಳ್ಳಲು ಸಾಧ್ಯವೇ, ಎಂದಾದರೂ ಹಾಗೆ ಸಾಧ್ಯವಿತ್ತೇ ಎಂದು ಯೋಚಿಸುವಾಗಲೆಲ್ಲ ನನಗೆ ನಾನು ಹುಟ್ಟಿ ಬೆಳೆದ ಭದ್ರಾವತಿ ನೆನಪಾಗುತ್ತದೆ.

ಸೈರನ್ ಕೂಗುತ್ತಿದ್ದ ಊರು

ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಮೂರು ಪಾಳಿಯ ಕೆಲಸಗಾರರಾಗಿದ್ದರು. 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಆ ಕಾರ್ಖಾನೆ ನಮ್ಮ ಕಾಲಕ್ಕೆ ಊರಿಗೇ ಗಡಿಯಾರವಾಗಿತ್ತು. ಫಸ್ಟ್ ಶಿಫ್ಟ್ ಬೆಳಗ್ಗೆ ಆರಕ್ಕೆ, ಸೆಕೆಂಡ್ ಶಿಫ್ಟ್ ಮಧ್ಯಾಹ್ನ ಎರಡಕ್ಕೆ, ನೈಟ್ ಶಿಫ್ಟ್ ರಾತ್ರಿ ಹತ್ತಕ್ಕೆ. ಸೈರನ್ ಕೂಗಿತೆಂದರೆ ಕೆಲಸಕ್ಕೆ ಹೋಗುವವರಿಗೆ ಮಾತ್ರವಲ್ಲ, ಹಾಲು ಕಾಯಿಸುವವರಿಗೆ, ಶಾಲೆಗೆ ಹೊರಡುವ ಮಕ್ಕಳಿಗೆ, ಹೋಟೆಲಿನಲ್ಲಿ ಇಡ್ಲಿ ಇಳಿಸುವವರಿಗೆ ಎಲ್ಲರಿಗೂ ಹೊತ್ತು ತಿಳಿಯುತ್ತಿತ್ತು. ಎರಡು ಗಂಟೆಯ ಸೈರನ್ ಆದ ಸ್ವಲ್ಪ ಹೊತ್ತಿಗೆ ಸೈಕಲ್ಲುಗಳ ದೊಡ್ಡ ಹಿಂಡು ಗೇಟಿನಿಂದ ಹೊರಬಂದು ಕ್ವಾರ್ಟರ್ಸ್‌ನ ಬೀದಿಗಳಲ್ಲಿ ಹಂಚಿಹೋಗುತ್ತಿತ್ತು.

ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬಂದು ಊಟ ಮಾಡಿ ಒಂದು ಗಂಟೆ ಮಲಗುತ್ತಿದ್ದರು. ಆಮೇಲಿನ ಹೊತ್ತು ಅವರದು. ಹಿತ್ತಲಿನಲ್ಲಿ ಹೀರೆ, ಬಸಳೆಗೆ ಚಪ್ಪರ ಹಾಕುತ್ತಿದ್ದರು, ಸಂಜೆ ಯೂನಿಯನ್ ಆಫೀಸಿಗೆ ಹೋಗಿ ಕೇರಂ ಆಡುತ್ತಿದ್ದರು, ಶನಿವಾರ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಇದನ್ನೆಲ್ಲ ಮಾಡಲು ಅವರಿಗೆ ಸಾಧ್ಯವಾದದ್ದು ಕೆಲಸ ಹಗುರವಾಗಿದ್ದುದರಿಂದ ಅಲ್ಲ. ಕುಲುಮೆಯ ಮುಂದಿನ ಕೆಲಸ ಮೈಯನ್ನು ಹಿಂಡುವಂಥದು, ಪಾಳಿ ಬದಲಾದಾಗಲೆಲ್ಲ ಅವರ ನಿದ್ದೆಯೂ ಹೊಟ್ಟೆಯೂ ಕೆಡುತ್ತಿದ್ದವು. ಆದರೆ ಗೇಟಿನಿಂದ ಆಚೆ ಬಂದ ಮೇಲೆ ಕುಲುಮೆ ಅವರ ಹಿಂದೆ ಬರುತ್ತಿರಲಿಲ್ಲ. ಅವರ ಜಾಗದಲ್ಲಿ ಮುಂದಿನ ಪಾಳಿಯ ಇನ್ನೊಬ್ಬರು, ರಿಲೀವರ್, ನಿಂತಿರುತ್ತಿದ್ದರು.

ಒಂದು ಮಳೆಗಾಲದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಸೆಕೆಂಡ್ ಶಿಫ್ಟ್ ಮುಗಿದು ಹತ್ತೂವರೆಯಾದರೂ ಅಪ್ಪ ಬರಲಿಲ್ಲ. ಅಮ್ಮ ಬಾಗಿಲ ಬಳಿ ನಿಂತಿದ್ದರು. ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಮಳೆಯಲ್ಲಿ ನೆನೆಯುತ್ತಾ ಬಂದು, ಸೈಕಲ್ಲಿನಿಂದ ಇಳಿಯದೆಯೇ, "ರಿಲೀವರ್ ಬಂದಿಲ್ಲ ಅಕ್ಕಾ, ಅಣ್ಣ ಡಬಲ್ ಮಾಡ್ತಾರೆ, ಡಬ್ಬಿ ಕೊಡಿ" ಎಂದರು. ಅಮ್ಮ ಅನ್ನ, ಹುಳಿ, ಉಪ್ಪಿನಕಾಯಿ ತುಂಬಿಸಿ ಕೊಟ್ಟರು. ಅಪ್ಪ ಬೆಳಗ್ಗೆ ಆರಕ್ಕೆ ಕಣ್ಣು ಕೆಂಪಾಗಿಸಿಕೊಂಡು ಬಂದರು. ಕಷ್ಟದ ರಾತ್ರಿಯೇ ಅದು. ಆದರೆ ಈಗ ಯೋಚಿಸಿದಾಗ ಆ ಕಷ್ಟದ ಸುತ್ತ ಎಷ್ಟೊಂದು ಕಟ್ಟುಪಾಡುಗಳಿದ್ದವು ಎಂಬುದು ಕಾಣುತ್ತದೆ. ಹೆಚ್ಚಿನ ಕೆಲಸಕ್ಕೆ ಒಂದು ಹೆಸರಿತ್ತು, ಆ ಸುದ್ದಿಯನ್ನು ಮನೆಗೆ ಮುಟ್ಟಿಸುವ ಜನರಿದ್ದರು, ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲಿತ್ತು, ಕಾರ್ಖಾನೆ ಕಾಯ್ದೆಯ ಪ್ರಕಾರ ಎರಡು ಪಟ್ಟು ಕೂಲಿಯಿತ್ತು. ನಮ್ಮ ಮನೆಯ ಕಬ್ಬಿಣದ ಬೀರು ಆ ಓಟಿ (ಓವರ್‌ಟೈಮ್) ಹಣದಿಂದಲೇ ಬಂದದ್ದು.

ಈ ಎಂಟು ಗಂಟೆಯ ದಿನ ತಾನಾಗಿ ಬಂದದ್ದಲ್ಲ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲಿ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯೆಂಬ ಮಿತಿಯನ್ನು ಹಾಕಿದಾಗ ಬ್ರಿಟಿಷ್ ಇಂಡಿಯಾಕ್ಕೆ ವಾರಕ್ಕೆ 60 ಗಂಟೆಯೆಂಬ ಬೇರೆ ನಿಯಮವಿತ್ತು. ಇಲ್ಲಿಯ ದುಡಿಮೆಗಾರರು ಇನ್ನೂ ಎರಡು ದಶಕಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. 1948ರ ಕಾರ್ಖಾನೆ ಕಾಯ್ದೆಯ ವಾರಕ್ಕೆ 48 ಗಂಟೆಯ ಮಿತಿಯ ಹಿಂದೆ ಮುಷ್ಕರಗಳಿವೆ, ಮಾತುಕತೆಗಳಿವೆ. ನಮ್ಮಪ್ಪನ ಬಸಳೆ ಚಪ್ಪರಕ್ಕೆ ಬೇಕಾದ ಸಂಜೆಯನ್ನು ಅವರು ಹುಟ್ಟುವ ಮೊದಲೇ ಯಾರೋ ಹೋರಾಡಿ ತಂದಿಟ್ಟಿದ್ದರು. ಅದೇ ಕಾರ್ಖಾನೆಯೊಳಗೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದವರ ಬದುಕಿನಲ್ಲಿ ಆ ನೆಮ್ಮದಿ ಅಷ್ಟೇ ಪ್ರಮಾಣದಲ್ಲಿ ಇರಲಿಲ್ಲ ಎಂಬುದನ್ನೂ ಹೇಳಲೇಬೇಕು. ನಮ್ಮ ಬೀದಿಯ ಕೊನೆಯ ಶೆಡ್ಡುಗಳಲ್ಲಿ ವಾಸವಾಗಿದ್ದ ಆ ಮನೆಗಳ ಮಕ್ಕಳು ನನ್ನ ಜೊತೆ ಓದುತ್ತಿದ್ದರು.

ಸೈರನ್ ಇಲ್ಲದ ಪಾಳಿ

ಆ ಊರನ್ನು ಹೀಗೆ ಮೆಚ್ಚಿಕೊಳ್ಳುವಾಗ ನನಗೆ ಅಮ್ಮ ಕಾಣುತ್ತಾರೆ. ಅಪ್ಪನಿಗೆ ಫಸ್ಟ್ ಶಿಫ್ಟ್ ಇದ್ದ ವಾರ ಅಮ್ಮ ನಾಲ್ಕಕ್ಕೆ ಏಳುತ್ತಿದ್ದರು. ನೈಟ್ ಶಿಫ್ಟ್ ಇದ್ದ ವಾರ ಇನ್ನೂ ಕಷ್ಟ. ಅಪ್ಪ ಹಗಲು ಮಲಗಬೇಕು, ಎರಡೇ ಕೋಣೆಯ ಮನೆ, ನಾವು ಮೂವರು ಮಕ್ಕಳು. ಆ ವಾರ ಪೂರ್ತಿ ಅಮ್ಮ ಕುಕ್ಕರ್ ಇಡುತ್ತಿರಲಿಲ್ಲ, ಸೀಟಿಯ ಸದ್ದಿಗೆ ಅಪ್ಪನಿಗೆ ಎಚ್ಚರವಾಗುತ್ತದೆಂದು ಪಾತ್ರೆಯಲ್ಲಿ ಅನ್ನ ಬೇಯಿಸಿ ಗಂಜಿ ಬಸಿಯುತ್ತಿದ್ದರು. ಬಟ್ಟೆ ಒಗೆಯುವ ಕಲ್ಲು ಕಿಟಕಿಯ ಕೆಳಗೇ ಇದ್ದುದರಿಂದ ಬಟ್ಟೆಯ ಬಕೆಟ್ಟನ್ನು ಪಕ್ಕದ ಮನೆಯ ಹಿತ್ತಲಿಗೆ ಹೊತ್ತುಕೊಂಡು ಹೋಗುತ್ತಿದ್ದರು. ಕಾರ್ಖಾನೆಯ ಮೂರು ಪಾಳಿಗೂ ಒಗ್ಗಿಕೊಂಡು ಒಂದೇ ಮನೆಯನ್ನು ನಡೆಸಿದ ಆಕೆಯ ದುಡಿಮೆಗೆ ರಿಲೀವರ್ ಇರಲಿಲ್ಲ, ಅದನ್ನು ಬರೆದಿಡುವ ರಿಜಿಸ್ಟರೂ ಇರಲಿಲ್ಲ.

ಅಪ್ಪ ನಿವೃತ್ತರಾದ ದಿನ ಸ್ನೇಹಿತರು ಅವರನ್ನು ಹಾರ ಹಾಕಿ, ಶಾಲು ಹೊದಿಸಿ, ಜೀಪಿನಲ್ಲಿ ಮೆರವಣಿಗೆ ಮಾಡಿ ಮನೆಗೆ ಕರೆತಂದರು. ಅಪ್ಪನ ಕೆಲಸ ಅಂದಿಗೆ ನಿಜವಾಗಿ ಮುಗಿಯಿತು. ಅಮ್ಮನ ಕೆಲಸ ಅಂದಿನಿಂದ ಹೆಚ್ಚಾಯಿತು. ಅಲ್ಲಿಯವರೆಗೆ ಡಬ್ಬಿಯಲ್ಲಿ ಹೋಗುತ್ತಿದ್ದ ಊಟವನ್ನು ಬಿಸಿಯಾಗಿ ತಟ್ಟೆಗೆ ಬಡಿಸಬೇಕಾಯಿತು, ಹನ್ನೊಂದು ಗಂಟೆಗೊಂದು ಕಾಫಿ ಹೊಸದಾಗಿ ಸೇರಿಕೊಂಡಿತು, ನೋಡಲು ಬರುವವರು ಹೆಚ್ಚಾದರು. ಅಪ್ಪ ಒಳ್ಳೆಯವರು, ಅಮ್ಮನನ್ನು ತುಂಬ ಗೌರವಿಸುತ್ತಿದ್ದರು. ಆದರೂ ತಮ್ಮ ವಿಶ್ರಾಂತಿಯ ಹೊತ್ತು ಎಲ್ಲಿಂದ ಬರುತ್ತಿದೆಯೆಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ, ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ.

ಕಾಲ ಬದಲಾಗಿದೆ ಎನ್ನುವವರು 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ನೋಡಬೇಕು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಸರಾಸರಿ ತೆಗೆದರೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. 2019ರಲ್ಲಿ ಇವು 299 ಮತ್ತು 97 ಇದ್ದವು. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಕಡಿಮೆಯಾಯಿತು, ಗಂಡಸರೂ ತಮ್ಮ ಪಾಲಿನಿಂದ ಒಂಬತ್ತು ನಿಮಿಷ ಇಳಿಸಿಕೊಂಡರು. ಹಾಗಾಗಿ ಕೆಲಸ ಒಂದು ಕಡೆ, ಬದುಕು ಇನ್ನೊಂದು ಕಡೆ ಎಂದು ಇಬ್ಭಾಗ ಮಾಡುವ ಮಾತು ಕೇಳಿದಾಗ ನನಗೆ ಸಮಾಧಾನವಾಗುವುದಿಲ್ಲ. ಆ ಎರಡನೆಯ ಭಾಗದೊಳಗೇ ಸುಮಾರು ಐದು ಗಂಟೆಯ ಕೆಲಸ ಅಡಗಿ ಕುಳಿತಿದೆ. 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಚರ್ಚೆಯೆಲ್ಲ ಆ ಸಂಖ್ಯೆಯ ಸುತ್ತಲೇ ನಡೆಯಿತು. ಎಪ್ಪತ್ತು ಗಂಟೆ ಆಫೀಸಿನಲ್ಲಿರುವವನ ಬಟ್ಟೆ ಯಾರು ಒಗೆಯುತ್ತಾರೆ, ಅವನ ತಾಯಿಗೆ ಮಾತ್ರೆ ಯಾರು ಕೊಡುತ್ತಾರೆ ಎಂದು ಕೇಳಿದವರು ಬಹುತೇಕ ಹೆಂಗಸರು.

ನಮ್ಮ ಮನೆಯಲ್ಲಿ ನಾನೂ ಗಂಡನೂ ಅಡುಗೆಯನ್ನು ಹಂಚಿಕೊಂಡಿದ್ದೇವೆ. ಆದರೂ ಬೆಳಗಿನ ಅಡುಗೆ ನಡೆಯುವುದು ಅಡುಗೆಗೆ ಬರುವ ಅಕ್ಕನಿಂದ. ಅವರು ಸೇರಿದ ದಿನವೇ ನನಗೆ, "ಮೇಡಂ, ಬರೋದು ಬಸ್ಸಿನ ಮೇಲೆ ಹತ್ತು ನಿಮಿಷ ಆಚೀಚೆ ಆಗ್ಬೋದು. ಆದ್ರೆ ಹೋಗೋದು ಮಾತ್ರ ಒಂಬತ್ತಕ್ಕೆ" ಎಂದು ಸ್ಪಷ್ಟವಾಗಿ ಹೇಳಿದರು. ಆ ಮಾತಿನ ಖಚಿತತೆ ನನಗೆ ಬಹಳ ಹಿಡಿಸಿತು. ನಮ್ಮ ಮನೆಯಲ್ಲಿ ಕೆಲಸ ಮಾಡುವವರ ಪೈಕಿ ಮುಗಿಯುವ ಹೊತ್ತನ್ನು ಹೀಗೆ ಗಟ್ಟಿಯಾಗಿ ಹೇಳಬಲ್ಲವರು ಅವರೊಬ್ಬರೇ. ಆದರೆ ಒಂಬತ್ತಕ್ಕೆ ಅವರು ಹೋಗುವುದು ಇನ್ನೊಂದು ಮನೆಯ ಅಡುಗೆಗೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ತಮ್ಮ ಮನೆಯ ಅಡುಗೆಗೆ. ನನಗೆ ಸಿಗುವ ಬೆಳಗಿನ ನಡಿಗೆಯ ಬೆಲೆಯಲ್ಲಿ ಒಂದು ಭಾಗವನ್ನು ಅವರು ಬೆಳಗ್ಗೆ ಐದಕ್ಕೆ ಬಸ್ ಹಿಡಿದು ತೆರುತ್ತಾರೆ. ಭಾನುವಾರ ರಜೆ, ನಾವು ಊರಿಗೆ ಹೋದ ದಿನಗಳಿಗೂ ಸಂಬಳ ಎಂಬ ಎರಡು ಮಾತು ನಮ್ಮ ನಡುವೆ ಆಗಿದೆ. ಅದು ಅಗತ್ಯವಾದದ್ದು, ಆದರೆ ಸಾಕಾಗುವಷ್ಟಲ್ಲ.

ಕಾಯಕ ಮತ್ತು ಮಿತಿ

ಈ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು 'ಕಾಯಕವೇ ಕೈಲಾಸ' ಎನ್ನುತ್ತಾರೆ, ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಆ ಮಾತಿದೆ. ಕಾಯಕದಲ್ಲಿ ನಿರತನಾದವನು ಗುರುವನ್ನೂ ಲಿಂಗವನ್ನೂ ಮರೆಯಬೇಕೆನ್ನುವ, ಈ ಮಾತು ಬರುವ ವಚನ ಆಯ್ದಕ್ಕಿ ಮಾರಯ್ಯನದು. ಆತನ ಕತೆಯ ಉಳಿದರ್ಧವನ್ನೂ ನಾವು ನೆನೆಯಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ, ನಮಗೆ ಇಷ್ಟು ಸಾಕು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ದುಡಿಮೆಯನ್ನು ಅಷ್ಟು ಎತ್ತರಕ್ಕೆ ಏರಿಸಿದ ಪರಂಪರೆಯೇ ಇಷ್ಟು ಸಾಕು ಎನ್ನುವ ಅಧಿಕಾರವನ್ನೂ ಒಪ್ಪಿಕೊಂಡಿತ್ತು. ಆ ಮನೆಯಲ್ಲಿ ಅದನ್ನು ಹೇಳಿದವಳು ಅನ್ನ ಬೇಯಿಸುವ ಹೆಂಗಸು.

ಈಗ ಸಾಕು ಎನ್ನುವವರು ಯಾರು? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಓಟಿ ಸೇರಿದರೂ ದಿನಕ್ಕೆ ಹತ್ತು ಗಂಟೆ ಮೀರಬಾರದೆಂದು ಹೇಳಿತ್ತು. 2024ರ ಜುಲೈನಲ್ಲಿ ಐಟಿ ವಲಯದವರು ದಿನಕ್ಕೆ 12 ಗಂಟೆಗೂ ಹೆಚ್ಚು ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿಯನ್ನು ಕೇಳಿದರು. ಐಟಿ ನೌಕರರ ಸಂಘ ಅದನ್ನು ವಿರೋಧಿಸಿತು, ಮೂರು ಪಾಳಿಯ ಕೆಲಸವನ್ನು ಎರಡೇ ಪಾಳಿಗೆ ಇಳಿಸಿದರೆ ಮೂರನೆಯ ಪಾಳಿಯವರ ಕೆಲಸ ಹೋಗುತ್ತದೆಂದು ಎಚ್ಚರಿಸಿತು. ಪಾಳಿಯ ಲೆಕ್ಕದಲ್ಲಿ ಬೆಳೆದ ನನಗೆ ಆ ವಾದ ಕೂಡಲೇ ಅರ್ಥವಾಯಿತು. ಮರುವರ್ಷ ಜೂನ್‌ನಲ್ಲಿ ದಿನದ ಮಿತಿಯನ್ನು ಹತ್ತು ಗಂಟೆಗೆ, ಓಟಿ ಸೇರಿ ಹನ್ನೆರಡಕ್ಕೆ ಏರಿಸುವ ಪ್ರಸ್ತಾಪ ಮತ್ತೆ ಬಂತು.

ಇದು ಬರೀ ಅನುಕೂಲದ ಪ್ರಶ್ನೆಯಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ, ಹೃದ್ರೋಗದಿಂದ ಸಾಯುವ ಅಪಾಯ ಸುಮಾರು 17 ಪ್ರತಿಶತ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಧ್ಯಯನ ಹೇಳಿತು. ಆದರೆ ಗಂಟೆಗಳ ಮಿತಿಯೊಂದೇ ನನ್ನಂಥವರಿಗೆ ಸಾಲದು. ಕಾಗದದ ಮೇಲೆ ನನ್ನ ದಿನ ಒಂಬತ್ತು ಗಂಟೆಯನ್ನು ಮೀರುವುದೇ ಇಲ್ಲ. ಬೆಳಗ್ಗೆ ಹತ್ತಕ್ಕೆ ಶುರುವಾಗಿ ರಾತ್ರಿ ಹನ್ನೊಂದೂವರೆಗೆ ಮುಗಿಯುವ ದಿನದಲ್ಲಿ ನಡುನಡುವೆ ತುಂಡು ತುಂಡಾಗಿ ಬಿಡುವು ಇದೆ. ಆ ತುಂಡುಗಳಲ್ಲಿ ಬಟ್ಟೆ ಮಡಚಬಹುದು, ಕರೆಂಟ್ ಬಿಲ್ ಕಟ್ಟಬಹುದು. ಹಾರ್ಮೋನಿಯಂ ಮುಂದೆ ಕೂರಲಾಗುವುದಿಲ್ಲ. ಕೆಲಸದ ಹೊತ್ತಿನ ನಂತರ ಬರುವ ಸಂದೇಶಗಳಿಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಿಂದ ಕಾನೂನಿನಲ್ಲಿ ಒಪ್ಪಿಕೊಂಡಿವೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆಯವರು ಇಂಥದೇ ಖಾಸಗಿ ಮಸೂದೆಯನ್ನು ಮಂಡಿಸಿದ್ದರು.

ನಮ್ಮ ತಂಡದಲ್ಲಿ ನಡೆದದ್ದು

ಕಾನೂನು ಬರುವವರೆಗೆ ಸುಮ್ಮನಿರಲಾರದೆ ನಾವು ಕೆಲವರು ನಮ್ಮ ತಂಡದಲ್ಲಿ ಈ ಮಾತನ್ನು ಎತ್ತಿದೆವು. ಕ್ಲೈಂಟ್ ಕಡೆಯವರಿಗೆ ನಮ್ಮ ಗಡಿಯಾರವನ್ನು ತೋರಿಸಿ, ಚಳಿಗಾಲದಲ್ಲಿ ಅವರ ಬೆಳಗಿನ ಏಳೂವರೆಗೆ ಕಾಲ್ ಇಟ್ಟುಕೊಂಡರೆ ನಮಗೆ ಒಂಬತ್ತಾಗುತ್ತದೆ ಎಂದು ಕೇಳಿಕೊಂಡೆವು. ಆಗ ಅಲ್ಲಿನ ತಂಡದ ಹೆಣ್ಣುಮಗಳೊಬ್ಬರು, ಆ ಹೊತ್ತಿಗೆ ನಾನು ಮಗನನ್ನು ಶಾಲೆಗೆ ಬಿಡಬೇಕು, ಆಗುವುದಿಲ್ಲ ಎಂದರು. ನಾವಿಬ್ಬರೂ ನಮ್ಮ ನಮ್ಮ ಮಕ್ಕಳ ಒಂದೊಂದು ಗಂಟೆಗಾಗಿ ಭೂಮಿಯ ಎರಡು ಬದಿಗಳಲ್ಲಿ ಕುಳಿತು ಕೇಳುತ್ತಿದ್ದೆವು. ನನ್ನ ಬಿಡುವನ್ನು ಆಕೆಯಿಂದ ಕಿತ್ತುಕೊಳ್ಳುವುದು ನನಗೂ ಬೇಕಿರಲಿಲ್ಲ.

ಹಾಗಾಗಿ ಕಾಲ್‌ನ ಹೊತ್ತನ್ನು ಬಿಟ್ಟು, ಅಷ್ಟು ಕಾಲ್‌ಗಳು ಬೇಕೇ ಎಂಬುದನ್ನು ನೋಡಿದೆವು. ಪ್ರತಿ ಸಂಜೆ ಆರೂವರೆಗೆ ನಾವು ಆ ದಿನದ ಕೆಲಸ, ಬಾಕಿ ಉಳಿದದ್ದು, ಅವರಿಂದ ಬೇಕಾದ ಉತ್ತರ ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಕಳಿಸುತ್ತೇವೆ, ಅವರು ತಮ್ಮ ದಿನದ ಕೊನೆಗೆ ಹಾಗೆಯೇ ಬರೆಯುತ್ತಾರೆ. ಮಾತಿನಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಸಂಗತಿಗಳು ಬರಹದಲ್ಲಿ ಹೆಚ್ಚು ಸ್ಪಷ್ಟವಾದವು. ವಾರದ ಐದು ಕಾಲ್‌ಗಳಲ್ಲಿ ಎರಡು ಉಳಿದವು. ಆ ಎರಡಕ್ಕೂ ಇಡೀ ತಂಡ ಕೂರುವುದಿಲ್ಲ, ಇಬ್ಬಿಬ್ಬರು ಸರದಿಯಂತೆ ಕೂರುತ್ತಾರೆ, ಕೂತವರು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಕೆಲಸ ಶುರು ಮಾಡುತ್ತಾರೆ. ಕಾಲ್ ಒಂದು ಗಂಟೆಯೊಳಗೆ ಮುಗಿಯಲೇಬೇಕು, ಉಳಿದದ್ದು ಮರುದಿನದ ಪುಟಕ್ಕೆ ಹೋಗುತ್ತದೆ. ರಿಲೀಸ್ ಇರುವ, ಅಂದರೆ ಸಾಫ್ಟ್‌ವೇರ್ ಬಿಡುಗಡೆ ಮಾಡುವ ವಾರಗಳಲ್ಲಿ ಇದೆಲ್ಲ ಸಡಿಲವಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಸರದಿ ಇಲ್ಲದ ರಾತ್ರಿ ನಾನು ಮಗಳಿಗೆ ಸರಿಯಾದ ಉತ್ತರ ಕೊಡಬಲ್ಲೆ, ಸರದಿ ಇರುವ ರಾತ್ರಿಯೂ ಹನ್ನೊಂದೂವರೆ ಎಂದು ಹೇಳಬಲ್ಲೆ.

ಇದು ಈಗಿನ ಮ್ಯಾನೇಜರ್ ಒಪ್ಪಿಕೊಂಡಿರುವ ಏರ್ಪಾಡು, ಅಷ್ಟೆ. ಅವರು ಬೇರೆ ಪ್ರಾಜೆಕ್ಟಿಗೆ ಹೋದರೆ ಮುಂದಿನವರು ಒಪ್ಪಬೇಕೆಂದಿಲ್ಲ. ವಾರ್ಷಿಕ ಮೌಲ್ಯಮಾಪನದಲ್ಲಿ ಯಾವಾಗ ಕರೆದರೂ ಸಿಗುತ್ತಾರೆ ಎಂಬುದು ಇನ್ನೂ ಮೆಚ್ಚುಗೆಯ ಮಾತಾಗಿಯೇ ಉಳಿದಿದೆ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗರು ಆ ಮೆಚ್ಚುಗೆ ತಪ್ಪಿಹೋದೀತೆಂದು ಸರದಿ ಇಲ್ಲದಿದ್ದರೂ ರಾತ್ರಿ ಲಾಗಿನ್ ಆಗುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅವರಿಗೆ ಬುದ್ಧಿ ಹೇಳುವುದಕ್ಕಿಂತ ನಿಯಮವನ್ನು ಬರೆದಿಡುವುದು ಮುಖ್ಯವೆಂದು ನನಗನ್ನಿಸಿದೆ. ಆದ್ದರಿಂದ ನಾವು ಸಿಬ್ಬಂದಿಯ ವಿಷಯ ನೋಡಿಕೊಳ್ಳುವ ಎಚ್‌ಆರ್ ವಿಭಾಗಕ್ಕೆ ಪತ್ರ ಬರೆದು ಮೂರು ಸಂಗತಿ ಕೇಳಿದ್ದೇವೆ: ರಾತ್ರಿ ಎಂಟರ ನಂತರದ ಕಾಲ್‌ಗಳನ್ನು ಹಾಜರಿಯ ಗಂಟೆಗಳಲ್ಲಿ ಸೇರಿಸಬೇಕು, ಮರುದಿನ ತಡವಾಗಿ ಶುರು ಮಾಡುವುದು ಮ್ಯಾನೇಜರ್ ಕೊಡುವ ವಿನಾಯಿತಿಯಾಗಿರದೆ ಹಕ್ಕಾಗಿರಬೇಕು, ಸರದಿ ಇಲ್ಲದ ರಾತ್ರಿ ಸಿಗಲಿಲ್ಲವೆಂಬುದು ಮೌಲ್ಯಮಾಪನದಲ್ಲಿ ಬರಬಾರದು. ಮೊದಲಿನ ಎರಡರ ಬಗ್ಗೆ ಮಾತುಕತೆ ನಡೆದಿದೆ. ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ, ಮುಂದಿನ ಮೌಲ್ಯಮಾಪನ ಶುರುವಾಗುವುದರೊಳಗೆ ಅದನ್ನು ಮತ್ತೆ ಕೇಳಲಿದ್ದೇವೆ.